ಸರಾಸರಿ ಆಯುಷ್ಯ ಎಂದರೆ ಯಾರ ಆಯುಷ್ಯ?

ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ಮೊದಲ ಪಾಠ ಆರಂಭವಾದ ದಿನ ಮೇಡಂ ಬೋರ್ಡಿನ ಮೇಲೆ ಎರಡು ಸಂಖ್ಯೆಗಳನ್ನು ಬರೆದರು: 32 ಮತ್ತು 70. ಮೊದಲನೆಯದು ದೇಶಕ್ಕೆ ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರಿಗಿದ್ದ ನಿರೀಕ್ಷಿತ ಜೀವಿತಾವಧಿ. ಎರಡನೆಯದು ಇತ್ತೀಚಿನದು. ತರಗತಿಯಲ್ಲಿ ಎರಡು ಪ್ರಶ್ನೆಗಳು ಎದ್ದವು. ಒಂದು ನನ್ನದು: "ಹಾಗಾದರೆ ಆಗಿನ ಜನ 32 ವರ್ಷಕ್ಕೇ ಮುದುಕರಾಗಿ ಸಾಯುತ್ತಿದ್ದರಾ ಮೇಡಂ?" ಇನ್ನೊಂದು ನನ್ನ ಪಕ್ಕದಲ್ಲಿ ಕೂರುವ ಗೆಳತಿಯದು. ಅದು ನನ್ನದಕ್ಕಿಂತ ಕಷ್ಟದ ಪ್ರಶ್ನೆ. "ಪ್ರತಿಯೊಬ್ಬರ ಮರಣದ ಗಳಿಗೆಯನ್ನು ಅಲ್ಲಾಹನು ಮೊದಲೇ ನಿಶ್ಚಯಿಸಿದ್ದಾನೆ ಎಂದು ನಾವು ನಂಬುತ್ತೇವೆ. ಹಾಗಿರುವಾಗ ಆಯುಷ್ಯ ಹೆಚ್ಚಾಯಿತು ಎಂದು ಹೇಗೆ ಹೇಳುವುದು?"

ಅಷ್ಟರಲ್ಲಿ ಗಂಟೆ ಬಾರಿಸಿತು. ಮೇಡಂ ನಕ್ಕು, "ಎರಡಕ್ಕೂ ಉತ್ತರ ಹುಡುಕಿ ನಮ್ಮ ವಾರ್ತಾಪತ್ರಕ್ಕೆ ಬರೆಯಿರಿ" ಎಂದರು. ಗೆಳತಿ ಉಪಾಯವಾಗಿ ನುಣುಚಿಕೊಂಡಳು. ಹೀಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಅಜ್ಜಿ ಒಪ್ಪದ ಲೆಕ್ಕ

ನಾನು ಮೊದಲು ಹೋದದ್ದು ಅಜ್ಜಿಯ ಬಳಿಗೆ. ಅಜ್ಜಿಯ ಮನೆ ಮಂಜೇಶ್ವರದ ಹತ್ತಿರ. ಅವರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ 1942 ಎಂದಿದೆ. ಹಜ್‌ಗೆ ಹೋಗುವಾಗ ಯಾರೋ ಅಂದಾಜಿನಲ್ಲಿ ಬರೆಸಿದ ವರ್ಷ ಅದು. "ಆಗಿನವರು 32 ವರ್ಷ ಬದುಕುತ್ತಿದ್ದರಂತೆ" ಎಂದೆ. ಅಜ್ಜಿಗೆ ನಗು ಬಂತು. ಅವರ ತಾಯಿ, ಅತ್ತೆ, ದೊಡ್ಡಪ್ಪ ಎಲ್ಲರೂ ಎಪ್ಪತ್ತು ದಾಟಿದವರು. "ನಿಮ್ಮ ಕಾಲೇಜಿನ ಲೆಕ್ಕ ಸುಳ್ಳು" ಎಂದು ತೀರ್ಪು ಕೊಟ್ಟರು.

ನಾನು ಅಲ್ಲಿಗೆ ಬಿಡದೆ ಇನ್ನೊಂದು ಪ್ರಶ್ನೆ ಕೇಳಿದೆ. "ನಿಮಗೆ ಒಟ್ಟು ಎಷ್ಟು ಮಕ್ಕಳು?" ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಉತ್ತರ ಐದು. ನನ್ನ ಉಮ್ಮ ಕೊನೆಯವರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಟು" ಎಂದರು. ಹದಿನೇಳು ವರ್ಷಗಳಲ್ಲಿ ಈ ಸಂಖ್ಯೆಯನ್ನು ನಾನು ಕೇಳಿದ್ದು ಅದೇ ಮೊದಲು.

ಒಂದು ಗಂಡು ಮಗು ಹುಟ್ಟಿದ ಎಂಟನೆಯ ದಿನ ದವಡೆ ಬಿಗಿದು, ಹಾಲು ಕುಡಿಯಲಾಗದೆ ತೀರಿಕೊಂಡಿತು. ಒಂದು ಹೆಣ್ಣು ಮಗು ಒಂದೂವರೆ ವರ್ಷವಿದ್ದಾಗ ಮಳೆಗಾಲದಲ್ಲಿ ವಾಂತಿ ಭೇದಿಯಾಗಿ ಎರಡೇ ದಿನದಲ್ಲಿ ಹೋಯಿತು. ಮೂರು ವರ್ಷದ ಇನ್ನೊಬ್ಬ ಮಗ ದಡಾರ ಬಂದು ಹೋದ. ಇವು ಅಜ್ಜಿ ಅಳದೆ ಹೇಳಿದ ಮಾತುಗಳು. ಆಗ ಪ್ರತಿ ಮನೆಯಲ್ಲೂ ಹೀಗೆಯೇ ಇತ್ತು ಎಂದರು.

ಅಜ್ಜಿಯ ಮಾತೂ ಸರಿ, ಬೋರ್ಡಿನ ಮೇಲಿದ್ದ 32 ಕೂಡ ಸರಿ. ಎರಡೂ ಹೇಗೆ ಸರಿಯಾಗುತ್ತವೆ ಎಂಬುದು ತಿಳಿದರೆ ಈ ವಿಷಯ ಅರ್ಧ ತಿಳಿದ ಹಾಗೆ.

ಹತ್ತು ಮಕ್ಕಳ ಉದಾಹರಣೆ

ಒಂದು ಊರಿನಲ್ಲಿ ಹತ್ತು ಮಕ್ಕಳು ಹುಟ್ಟಿದರು ಎಂದುಕೊಳ್ಳೋಣ. ಮೂವರು 1 ವರ್ಷಕ್ಕೆ ತೀರಿಕೊಂಡರು. ಉಳಿದ ಏಳು ಮಂದಿ 70 ವರ್ಷ ಬದುಕಿದರು. ಎಲ್ಲರೂ ಬದುಕಿದ ವರ್ಷಗಳನ್ನು ಕೂಡಿಸಿದರೆ 493. ಹತ್ತರಿಂದ ಭಾಗಿಸಿದರೆ ಸರಾಸರಿ 49.3 ವರ್ಷ. ಆದರೆ ಆ ಊರಿನಲ್ಲಿ 49ನೆಯ ವಯಸ್ಸಿನಲ್ಲಿ ಸತ್ತವರು ಒಬ್ಬರೂ ಇಲ್ಲ! ಊರಿಗೆ ಹೋದರೆ ಕಾಣುವವರು ಎಪ್ಪತ್ತರ ಅಜ್ಜ ಅಜ್ಜಿಯರೇ. ಸರಾಸರಿಯನ್ನು ಕೆಳಗೆ ಎಳೆದ ಆ ಮೂವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಎರಡು ಬದಲಾವಣೆ ಮಾಡಿ ನೋಡಿ. ಮೊದಲನೆಯದು, ಒಳ್ಳೆಯ ದೊಡ್ಡ ಆಸ್ಪತ್ರೆ ಬಂದು ಆ ಏಳು ವೃದ್ಧರು 70ರ ಬದಲು 75ರವರೆಗೆ ಬದುಕಿದರು ಎನ್ನೋಣ. ಸರಾಸರಿ 52.8 ಆಗುತ್ತದೆ. ಏರಿಕೆ ಮೂರೂವರೆ ವರ್ಷ. ಎರಡನೆಯದು, ವೃದ್ಧರ ಆಯುಷ್ಯ ಇದ್ದ ಹಾಗೆಯೇ ಇದ್ದು ಆ ಮೂರು ಮಕ್ಕಳೂ ಬದುಕಿ 70 ಮುಟ್ಟಿದರು ಎನ್ನೋಣ. ಸರಾಸರಿ 70 ಆಗುತ್ತದೆ. ಏರಿಕೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು.

ಭಾರತದ 32 ಎಂಬ ಸಂಖ್ಯೆ 70 ಆದ ಕಥೆಯ ದೊಡ್ಡ ಭಾಗ ಇದೇ. ಮನುಷ್ಯ ಮುದುಕನಾಗುವ ವಯಸ್ಸು ಮುಂದೆ ಹೋದದ್ದು ಅದರಲ್ಲಿ ಚಿಕ್ಕ ಭಾಗ. ಚಿಕ್ಕ ಮಕ್ಕಳು ಮತ್ತು ಬಾಣಂತಿಯರು ಸಾಯುವುದು ಕಡಿಮೆಯಾದದ್ದು, ಸಿಡುಬು, ಕಾಲರಾ, ಮಲೇರಿಯಾಗಳಿಗೆ ಯುವಕರು ಬಲಿಯಾಗುವುದು ಬಹುಮಟ್ಟಿಗೆ ನಿಂತದ್ದು ದೊಡ್ಡ ಭಾಗ.

ಪಠ್ಯದಲ್ಲಿರುವ ಜೀವಿತ ಕೋಷ್ಟಕ ಮಾಡುವುದೂ ಇದೇ ಲೆಕ್ಕವನ್ನೇ. ಹತ್ತರ ಬದಲು 1,00,000 ಶಿಶುಗಳು ಒಟ್ಟಿಗೆ ಹುಟ್ಟಿದರು ಎಂದು ಊಹಿಸುತ್ತಾರೆ. ಈ ವರ್ಷ ನಿಜವಾಗಿ ಒಂದು ವರ್ಷದೊಳಗಿನ ಶಿಶುಗಳು ಯಾವ ಪ್ರಮಾಣದಲ್ಲಿ ಸತ್ತರೋ ಆ ಪ್ರಮಾಣವನ್ನು ಕಳೆಯುತ್ತಾರೆ. ಉಳಿದವರಿಂದ ಮುಂದಿನ ವಯಸ್ಸಿನ ಮರಣ ಪ್ರಮಾಣವನ್ನು ಕಳೆಯುತ್ತಾರೆ. ಹೀಗೆ ಕೊನೆಯವರು ತೀರುವವರೆಗೆ ಸಾಗಿ, ಎಲ್ಲರೂ ಬದುಕಿದ ವರ್ಷಗಳನ್ನು ಕೂಡಿಸಿ 1,00,000ದಿಂದ ಭಾಗಿಸುತ್ತಾರೆ. ಬಂದ ಉತ್ತರವೇ ಹುಟ್ಟಿದಾಗಿನ ನಿರೀಕ್ಷಿತ ಜೀವಿತಾವಧಿ. ಇಂದು ಹುಟ್ಟಿದ ಮಗು ಇಷ್ಟೇ ವರ್ಷ ಬದುಕುತ್ತದೆ ಎಂದು ಈ ಸಂಖ್ಯೆ ಹೇಳುವುದಿಲ್ಲ. ಇವತ್ತಿನ ಸ್ಥಿತಿ ಹೀಗೆಯೇ ಮುಂದುವರಿದರೆ ಈ ಪ್ರದೇಶ ತನ್ನ ಮಕ್ಕಳನ್ನು ಸರಾಸರಿ ಎಷ್ಟು ವರ್ಷ ಉಳಿಸಿಕೊಳ್ಳುತ್ತದೆ ಎಂದಷ್ಟೇ ಹೇಳುತ್ತದೆ. 2019ರಲ್ಲಿ ಸುಮಾರು 71 ಇದ್ದ ಭಾರತದ ಅಂದಾಜನ್ನು ವಿಶ್ವಸಂಸ್ಥೆ 2021ಕ್ಕೆ ಸುಮಾರು 67ಕ್ಕೆ ಇಳಿಸಿದ್ದು ಕೊರೊನಾ ಸಾವುಗಳಿಂದ. ಆ ವರ್ಷ ಹುಟ್ಟಿದ ಮಕ್ಕಳಿಗೆ ನಾಲ್ಕು ವರ್ಷ ಕಡಿಮೆಯಾಯಿತು ಎಂದು ಅದರ ಅರ್ಥವಲ್ಲ. ಕನ್ನಡಿಯಲ್ಲಿ ಆ ವರ್ಷದ ಮುಖ ಕಂಡಿತು, ಅಷ್ಟೇ.

ನಾನು ಮಾಡಿದ ತಪ್ಪು

ಇಷ್ಟು ತಿಳಿದ ಮೇಲೆ ನನಗೆ ಉತ್ಸಾಹ ಬಂತು. ನಮ್ಮ ಮಾವ ಜಮಾಅತ್ ಕಮಿಟಿಯಲ್ಲಿದ್ದಾರೆ. ಮಸೀದಿಯ ಮಯ್ಯಿತ್ ರಿಜಿಸ್ಟರಿನಿಂದ ಸತ್ತವರ ವಯಸ್ಸುಗಳನ್ನು ಬರೆದುಕೊಂಡು, ಕೂಡಿಸಿ, ಭಾಗಿಸಿ, "ನಮ್ಮೂರಿನ ನಿರೀಕ್ಷಿತ ಜೀವಿತಾವಧಿ" ಎಂದು ಶೀರ್ಷಿಕೆ ಹಾಕಿ ಮೇಡಂಗೆ ತೋರಿಸಿದೆ. ಮೇಡಂ ಮೂರು ಪ್ರಶ್ನೆ ಕೇಳಿದರು.

ಮೊದಲನೆಯದು: ಇದರಲ್ಲಿ ಎಳೆ ಮಕ್ಕಳು ಇದ್ದಾರಾ? ಹಳೆಯ ಪುಟಗಳಲ್ಲಿ ಇರಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಮಕ್ಕಳನ್ನು ಮನೆಯವರೇ ಒಯ್ದು ದಫನ ಮಾಡಿ ಬರುತ್ತಿದ್ದರು. ಹೆಸರೂ ಇಲ್ಲ, ಕಲ್ಲೂ ಇಲ್ಲ, ರಿಜಿಸ್ಟರಿನಲ್ಲಿ ಸಾಲೂ ಇಲ್ಲ. ಅಜ್ಜಿಯ ಮೂರು ಮಕ್ಕಳನ್ನು ನಾನು ಹುಡುಕಿದೆ. ಒಬ್ಬರೂ ಸಿಗಲಿಲ್ಲ.

ಎರಡನೆಯದು: ಗಲ್ಫಿನಲ್ಲಿ ದುಡಿಯಲು ಹೋಗಿ ಅಲ್ಲೇ ತೀರಿಕೊಂಡು ಅಲ್ಲೇ ಮಣ್ಣಾದವರು ಇದರಲ್ಲಿ ಇದ್ದಾರಾ? ಅವರೂ ಇಲ್ಲ.

ಮೂರನೆಯದು: ನಮ್ಮ ಕಾಲೇಜಿನಲ್ಲಿ ಯಾವುದಾದರೂ ವರ್ಷ ಒಬ್ಬ ವಿದ್ಯಾರ್ಥಿ ತೀರಿಕೊಂಡರೆ, ಅಲ್ಲಾಹು ಕಾಪಾಡಲಿ, ಕಾಲೇಜಿನ ಸರಾಸರಿ ಮರಣ ವಯಸ್ಸು 17 ಆಗುತ್ತದೆ. ಹಾಗೆಂದು ಕಾಲೇಜು ಅಪಾಯದ ಜಾಗವೇ? ಇಲ್ಲಿ ಇರುವವರೇ ಹದಿನೇಳರ ವಯಸ್ಸಿನವರು. ಸತ್ತವರ ವಯಸ್ಸಿನ ಸರಾಸರಿ ಆ ಜಾಗದಲ್ಲಿ ಯಾವ ವಯಸ್ಸಿನವರು ಎಷ್ಟಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಸತ್ತವರನ್ನು ಎಣಿಸಿದರೆ ಸಾಲದು. ಪ್ರತಿ ವಯಸ್ಸಿನಲ್ಲಿ ಬದುಕಿರುವವರನ್ನೂ ಎಣಿಸಬೇಕು. ಜೀವಿತ ಕೋಷ್ಟಕ ಬೇಕಾಗುವುದು ಅದಕ್ಕೇ.

ನನಗೆ ನಾಚಿಕೆಯಾಯಿತು. ಆದರೆ ಸಮಾಧಾನದ ಸಂಗತಿಯೂ ಇದೆ. ಈ ಶಾಸ್ತ್ರ ಹುಟ್ಟಿದ್ದೇ ಇಂಥ ರಿಜಿಸ್ಟರಿನಿಂದ. ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ಚರ್ಚಿನ ಗುಮಾಸ್ತರು ವಾರವಾರ ಬರೆದಿಟ್ಟ ಸಾವಿನ ಪಟ್ಟಿಗಳನ್ನು ಕೂಡಿಸಿ ನೋಡಿದ. ಹುಟ್ಟುವ 100 ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆ ಎಂದು ಅಂದಾಜು ಮಾಡಿದ. ಅಲ್ಲಿಯವರೆಗೆ ಪ್ರತಿ ಮನೆಯಲ್ಲಿ ಬೇರೆ ಬೇರೆ ದುಃಖವಾಗಿದ್ದದ್ದು ಅಂದು ಇಡೀ ನಗರದ ಒಂದು ಸಂಖ್ಯೆಯಾಯಿತು.

ಭಾರತದಲ್ಲಿ ಈಗ ಈ ಕೆಲಸ ಮಾಡುವುದು ರಿಜಿಸ್ಟ್ರಾರ್ ಜನರಲ್ ಅವರ ಮಾದರಿ ನೋಂದಣಿ ವ್ಯವಸ್ಥೆ. ಆಯ್ದ ಹಳ್ಳಿಗಳಲ್ಲಿ ಮತ್ತು ನಗರದ ಬ್ಲಾಕ್‌ಗಳಲ್ಲಿ ಸ್ಥಳೀಯರೊಬ್ಬರು ವರ್ಷವಿಡೀ ಹುಟ್ಟು ಸಾವುಗಳನ್ನು ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಬೇರೆಯಾಗಿ ಸಮೀಕ್ಷೆ ಮಾಡುತ್ತಾರೆ. ಎರಡು ಪಟ್ಟಿಗಳನ್ನು ತಾಳೆ ನೋಡಿ, ವ್ಯತ್ಯಾಸ ಬಂದ ಮನೆಗೆ ಮತ್ತೆ ಹೋಗುತ್ತಾರೆ. ಬಿಟ್ಟು ಹೋದ ಶಿಶುಗಳು ಸಿಗುವುದು ಈ ತಾಳೆಯಲ್ಲಿ.

ಗಡಿಯ ಆಚೆ, ಗಡಿಯ ಈಚೆ

ಈಗ ಪ್ರದೇಶಗಳ ವಿಷಯಕ್ಕೆ ಬರೋಣ. 1970-75ರ ಅವಧಿಯಲ್ಲಿ ಭಾರತದ ನಿರೀಕ್ಷಿತ ಜೀವಿತಾವಧಿ 49.7 ವರ್ಷ. ಆಗ ಕೇರಳದ್ದು 62, ಕರ್ನಾಟಕದ್ದು 55.2, ಉತ್ತರ ಪ್ರದೇಶದ್ದು 43. ಒಂದೇ ದೇಶ, ಒಂದೇ ವರ್ಷ. ಆದರೆ ಎರಡು ರಾಜ್ಯಗಳ ನಡುವೆ 19 ವರ್ಷಗಳ ಅಂತರ! 2016-20ರ ಅವಧಿಗೆ ಬಂದರೆ ಭಾರತ 70, ಕೇರಳ ಸುಮಾರು 75, ಕರ್ನಾಟಕ ಸುಮಾರು 70, ಉತ್ತರ ಪ್ರದೇಶ ಸುಮಾರು 66.

ಈ ಪಟ್ಟಿಯಲ್ಲಿ ಕರ್ನಾಟಕದ ಸಾಲನ್ನು ಇನ್ನೊಮ್ಮೆ ನೋಡಿ. ಐವತ್ತು ವರ್ಷಗಳ ಹಿಂದೆ ನಾವು ದೇಶದ ಸರಾಸರಿಗಿಂತ ಐದೂವರೆ ವರ್ಷ ಮುಂದಿದ್ದೆವು. ಈಗ ಸರಿಸಮಾನವಾಗಿದ್ದೇವೆ. ನಾವು ಕೆಳಗೆ ಬಿದ್ದಿಲ್ಲ, ಸುಮಾರು ಹದಿನೈದು ವರ್ಷ ಏರಿದ್ದೇವೆ. ಆದರೆ ದೇಶ ನಮಗಿಂತ ವೇಗವಾಗಿ ಏರಿತು.

ಅಜ್ಜಿ ಹುಟ್ಟಿದಾಗ ಮಂಜೇಶ್ವರವೂ ಮಂಗಳೂರೂ ಒಂದೇ ಜಿಲ್ಲೆಯಲ್ಲಿದ್ದವು. ಆಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಂದಿಗೂ ತಲಪಾಡಿಯ ಗಡಿ ದಾಟಿದರೆ ಅದೇ ಬ್ಯಾರಿ, ಅದೇ ತುಳು, ಅದೇ ಕನ್ನಡ ಕೇಳುತ್ತದೆ. ಆದ್ದರಿಂದ ಕೇರಳ ಹೇಗೆ ಮುಂದೆ ಹೋಯಿತು ಎಂಬುದು ನನಗೆ ದೂರದ ಕಥೆಯಲ್ಲ.

ಹಣದಿಂದ ಹೋಯಿತು ಎಂದು ಯಾರಾದರೂ ಹೇಳಬಹುದು. ಆದರೆ 1970ರ ದಶಕದಲ್ಲಿ ಕೇರಳದ ತಲಾ ಆದಾಯ ದೇಶದ ಸರಾಸರಿಗಿಂತ ಕಡಿಮೆ ಇತ್ತು. ಕಾರಣ ಬೇರೆ ಕಡೆ ಇದೆ. ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ 1817ರಲ್ಲೇ ಶಿಕ್ಷಣದ ಖರ್ಚನ್ನು ಸರ್ಕಾರವೇ ಹೊರಬೇಕು ಎಂದು ಆಜ್ಞೆ ಹೊರಡಿಸಿದ್ದರು. 1879ರಲ್ಲಿ ಅದೇ ಸಂಸ್ಥಾನ ಸರ್ಕಾರಿ ನೌಕರರಿಗೆ, ಕೈದಿಗಳಿಗೆ, ವಿದ್ಯಾರ್ಥಿಗಳಿಗೆ ಸಿಡುಬಿನ ಲಸಿಕೆ ಕಡ್ಡಾಯ ಮಾಡಿತು. ಬ್ರಿಟಿಷರ ಕೈಯಲ್ಲಿದ್ದ ಮಲಬಾರಿಗೆ ಇದರ ಭಾಗ್ಯ ಸಿಗಲಿಲ್ಲ. ಮಲಬಾರು ಬಹಳ ಹಿಂದೆ ಉಳಿಯಿತು. 1956ರ ನಂತರ ಹೊಸ ರಾಜ್ಯ ಶಾಲೆಗಳನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಪಡಿತರ ಅಂಗಡಿಗಳನ್ನೂ ಉತ್ತರಕ್ಕೆ ತಂದ ಮೇಲೆ ಆ ಅಂತರ ಕಿರಿದಾಯಿತು. ಅಜ್ಜಿಯ ಮೂವರು ಮಕ್ಕಳು ಹೋದದ್ದು ಆ ವ್ಯವಸ್ಥೆ ನಮ್ಮ ಕಡೆಗೆ ಪೂರ್ತಿ ಬರುವ ಮೊದಲು.

ಎಲ್ಲಕ್ಕಿಂತ ಮುಖ್ಯವಾದದ್ದು ಹೆಣ್ಣು ಮಕ್ಕಳ ಓದು. 2011ರ ಜನಗಣತಿಯಲ್ಲಿ ಕೇರಳದ ಮಹಿಳಾ ಸಾಕ್ಷರತೆ ಶೇಕಡಾ 92, ಕರ್ನಾಟಕದ್ದು ಶೇಕಡಾ 68. ಓದಲು ಬರುವ ತಾಯಿ ಲಸಿಕೆಯ ತಾರೀಖು ಓದುತ್ತಾಳೆ, ಔಷಧದ ಚೀಟಿ ಓದುತ್ತಾಳೆ, ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳುತ್ತಾಳೆ.

ಮೊದಲ ಹುಟ್ಟುಹಬ್ಬದ ಪರೀಕ್ಷೆ

ಒಂದು ಪ್ರದೇಶದ ಆರೋಗ್ಯವನ್ನು ಅಳೆಯಲು ಮೇಡಂ ನಮಗೆ ಒಂದು ಸುಲಭ ಪರೀಕ್ಷೆ ಹೇಳಿಕೊಟ್ಟರು. ಒಂದು ವರ್ಷ ತುಂಬಿದ ಮಗುವಿಗೆ ಮುಂದೆ ಉಳಿದಿರುವ ನಿರೀಕ್ಷಿತ ವರ್ಷಗಳು ಆಗ ತಾನೇ ಹುಟ್ಟಿದ ಮಗುವಿನದಕ್ಕಿಂತ ಒಂದು ವರ್ಷದಷ್ಟು ಕಡಿಮೆ ಇರಬೇಕು ತಾನೇ? ಭಾರತದಲ್ಲಿ ಅದು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ! ಏಕೆಂದರೆ ಮೊದಲ ವರ್ಷ ತುಂಬಿ ಹರಿಯುವ ಹೊಳೆಯಿದ್ದ ಹಾಗೆ. ದಾಟಿದವರಿಗೆ ಮುಂದಿನ ದಾರಿ ಸುಲಭ. ಆದರೆ ಕೇರಳದಲ್ಲಿ ಲೆಕ್ಕ ಸಹಜವಾಗಿದೆ. ಅಲ್ಲಿ ವರ್ಷ ಕಳೆದಂತೆ ಉಳಿದ ವರ್ಷಗಳು ಕಡಿಮೆಯಾಗುತ್ತವೆ. ಅಂದರೆ ಅಲ್ಲಿ ಆ ಹೊಳೆಗೆ ಸೇತುವೆ ಕಟ್ಟಿದ್ದಾರೆ. 2020ರಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ ಒಂದು ವರ್ಷ ತುಂಬುವ ಮೊದಲು ತೀರಿಕೊಂಡವರು ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಇಡೀ ಭಾರತದಲ್ಲಿ 28, ಮಧ್ಯಪ್ರದೇಶದಲ್ಲಿ 43.

ಇದನ್ನು ಹಾಸ್ಟೆಲಿನಲ್ಲಿ ಓದಿ ಹೇಳುತ್ತಿದ್ದಾಗ ಯಾದಗಿರಿ ಜಿಲ್ಲೆಯಿಂದ ಬಂದ ಗೆಳತಿ, "ನಮ್ಮ ಕಡೆಯ ಲೆಕ್ಕ ಎಷ್ಟು?" ಎಂದು ಕೇಳಿದಳು. ಮಾದರಿ ನೋಂದಣಿ ವ್ಯವಸ್ಥೆ ಕೊಡುವುದು ರಾಜ್ಯಗಳ ಸಂಖ್ಯೆ. ಜಿಲ್ಲೆಯದಲ್ಲ. ಕರಾವಳಿಯೂ ಕಲ್ಯಾಣ ಕರ್ನಾಟಕವೂ ಒಂದೇ ಸರಾಸರಿಯೊಳಗೆ ಕರಗಿ ಹೋಗುತ್ತವೆ. ಆದರೆ ಬೇರೆ ಕಿಟಕಿಗಳಿವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದಲ್ಲಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಸರಾಸರಿ 70 ಎಂದು ನಾವು ಸಮಾಧಾನ ಪಡುವಾಗ ಅದರ ಒಳಗೆ ಇವರೂ ಇದ್ದಾರೆ ಎಂಬುದು ನೆನಪಿರಬೇಕು.

ನೆರೆಹೊರೆಯ ಪಾಲು

ನಮ್ಮ ಸಮುದಾಯದ ಬಗ್ಗೆ ನಾನು ಓದಿದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಒಂದು ಸಂತೋಷದ್ದು, ಒಂದು ಯೋಚಿಸಬೇಕಾದದ್ದು.

ಭಾರತದ ಮುಸ್ಲಿಮರು ಸರಾಸರಿಯಲ್ಲಿ ಬಡವರಾಗಿದ್ದರೂ ಅವರ ಶಿಶುಗಳ ಮರಣ ಪ್ರಮಾಣ ಹಿಂದೂಗಳಿಗಿಂತ ಕಡಿಮೆ ಇತ್ತು. ಇದು ಸಂಶೋಧಕರಿಗೆ ಬಹುಕಾಲ ಒಗಟಾಗಿತ್ತು. ಅರ್ಥಶಾಸ್ತ್ರಜ್ಞರಾದ ಮೈಕೆಲ್ ಗೆರುಸೊ ಮತ್ತು ಡೀನ್ ಸ್ಪಿಯರ್ಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಉತ್ತರ ಶೌಚಾಲಯ. ಬಯಲು ಶೌಚ ಮಾಡುವವರ ಪ್ರಮಾಣ ಮುಸ್ಲಿಮರಲ್ಲಿ ಕಡಿಮೆ ಇತ್ತು. ಅದಕ್ಕಿಂತ ಮುಖ್ಯವಾದ ಮಾತು ಮುಂದಿದೆ. ಮಗುವನ್ನು ಉಳಿಸಿದ್ದು ಅದರ ಮನೆಯ ಶೌಚಾಲಯಕ್ಕಿಂತ ಹೆಚ್ಚಾಗಿ ಅಕ್ಕಪಕ್ಕದ ಮನೆಗಳ ಶೌಚಾಲಯ. ಶೌಚಾಲಯ ಬಳಸುವ ನೆರೆಯವರ ನಡುವೆ ಹುಟ್ಟಿದ ಹಿಂದೂ ಶಿಶುವಿಗೂ ಅದೇ ಲಾಭ ಸಿಕ್ಕಿತು. ರೋಗಾಣುವಿಗೆ ಜಾತಿ ಮತ ತಿಳಿಯದು. ಆರೋಗ್ಯ ಒಬ್ಬರ ಸ್ವಂತ ಆಸ್ತಿಯಲ್ಲ, ಬೀದಿಯ ಆಸ್ತಿ.

ಎರಡನೆಯದು, ಉತ್ತರ ಮತ್ತು ಪೂರ್ವ ಭಾರತದ ಒಂಬತ್ತು ರಾಜ್ಯಗಳ ಬಗ್ಗೆ 2022ರಲ್ಲಿ ಪ್ರಕಟವಾದ ಅಧ್ಯಯನ. ಮೇಲ್ಜಾತಿ ಹಿಂದೂಗಳಿಗೆ ಹೋಲಿಸಿದರೆ ಆದಿವಾಸಿಗಳ ನಿರೀಕ್ಷಿತ ಜೀವಿತಾವಧಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಡಿಮೆ, ದಲಿತರದು ಮೂರು ವರ್ಷಕ್ಕಿಂತ ಹೆಚ್ಚು ಕಡಿಮೆ, ಮುಸ್ಲಿಮರದು ಸುಮಾರು ಒಂದು ವರ್ಷ ಕಡಿಮೆ. ಬಡತನವೊಂದೇ ಈ ಅಂತರದ ಅರ್ಧವನ್ನೂ ವಿವರಿಸುವುದಿಲ್ಲ ಎಂದು ಆ ಅಧ್ಯಯನ ಹೇಳುತ್ತದೆ. ಶೈಶವದಲ್ಲಿ ಸಿಕ್ಕ ಲಾಭವನ್ನು ಮುಸ್ಲಿಮರು ದೊಡ್ಡವರಾದ ಮೇಲೆ ಕಳೆದುಕೊಳ್ಳುತ್ತಿದ್ದಾರೆ ಎಂದಾಯಿತು.

ಲಸಿಕೆಯ ವಿಷಯದಲ್ಲಿ ನಮ್ಮವರಲ್ಲಿ ಕೆಲವರು ಹಿಂಜರಿದದ್ದನ್ನೂ ಮುಚ್ಚಿಡಬಾರದು. 2016ರಲ್ಲಿ ಮಲಪ್ಪುರಂನಲ್ಲಿ ಡಿಫ್ತೀರಿಯಾ ಮರಳಿ ಬಂತು. ಲಸಿಕೆ ಹಾಕಿಸದ ಮಕ್ಕಳು ಜೀವ ಕಳೆದುಕೊಂಡರು. ಇಡೀ ದೇಶದಲ್ಲೇ ಮಕ್ಕಳು ಹೆಚ್ಚು ಉಳಿಯುವ ರಾಜ್ಯದಲ್ಲಿ ನಡೆದದ್ದು ಇದು. ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆಯಿದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿಗೆ ವಿರೋಧವಿದ್ದಾಗ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದವರು ಕೈಜೋಡಿಸಿದರು. ಮಸೀದಿಗಳ ಮೈಕಿನಲ್ಲಿ ಇಮಾಮರು ಕರೆ ಕೊಟ್ಟರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. ಆಮೇಲೆ ಇಲ್ಲ. 2014ರಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು.

ಗೆಳತಿಯ ಪ್ರಶ್ನೆಗೆ ಉತ್ತರ

ಈಗ ಅಜಲ್‌ನ ಪ್ರಶ್ನೆ. ಇದನ್ನು ನಮ್ಮ ಮದ್ರಸದ ಉಸ್ತಾದರಲ್ಲಿ ಕೇಳಿದೆ. ಅವರು ಖಲೀಫಾ ಉಮರ್(ರ) ಅವರ ಘಟನೆ ನೆನಪಿಸಿದರು. ಸಿರಿಯಾದ ಕಡೆಗೆ ಹೊರಟಿದ್ದ ಉಮರ್(ರ) ಅವರಿಗೆ ಸರ್ಗ್ ಎಂಬಲ್ಲಿ ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಸಿಕ್ಕಿತು. ಅವರು ಎಲ್ಲರೊಂದಿಗೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಆಗ ಅಬೂ ಉಬೈದಾ(ರ) ಅವರು, ಇದು ಅಲ್ಲಾಹನ ವಿಧಿಯಿಂದ ಓಡಿದಂತಾಗುವುದಿಲ್ಲವೇ ಎಂದು ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉಮರ್(ರ) ಉತ್ತರಿಸಿದರು. ಒಂದು ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಆಗಿದ್ದರೆ ಒಂಟೆಗಳನ್ನು ಯಾವ ಬದಿಗೆ ಮೇಯಲು ಬಿಡುತ್ತೀರಿ, ಯಾವ ಬದಿಗೆ ಬಿಟ್ಟರೂ ಅದು ಅಲ್ಲಾಹನ ವಿಧಿಯೇ ತಾನೇ ಎಂದು ವಿವರಿಸಿದರು. ರೋಗವಿರುವ ಊರಿಗೆ ಹೋಗಬೇಡಿ, ಇದ್ದ ಊರಿನಲ್ಲಿ ರೋಗ ಬಂದರೆ ಹೊರಗೆ ಓಡಬೇಡಿ ಎಂಬ ಪ್ರವಾದಿ(ಸ) ಅವರ ಆದೇಶವನ್ನು ಅಬ್ದುರ್ರಹ್ಮಾನ್ ಇಬ್ನ್ ಔಫ್(ರ) ಆಮೇಲೆ ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿದರು.

ನನಗೆ ಅರ್ಥವಾದದ್ದು ಇಷ್ಟು. ಒಬ್ಬ ವ್ಯಕ್ತಿಯ ಮರಣದ ಗಳಿಗೆ ಯಾವ ಕೋಷ್ಟಕದಲ್ಲೂ ಇಲ್ಲ. ಸಂಖ್ಯಾಶಾಸ್ತ್ರ ಅದನ್ನು ತಿಳಿದಿದ್ದೇನೆ ಎಂದು ಹೇಳುವುದೂ ಇಲ್ಲ. ಕೋಷ್ಟಕ ಅಳೆಯುವುದು ಮೇಯಿಸುವವರನ್ನು. ಒಂಟೆಯ ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಅದನ್ನು ಬರಡು ಬದಿಗೆ ಬಿಟ್ಟವನು ಯಾಕೆ ಬಿಟ್ಟೆ ಎಂಬುದಕ್ಕೆ ಉತ್ತರ ಕೊಡಬೇಕು.

ಅಜ್ಜಿಯ ಮೂರು ಮಕ್ಕಳನ್ನೇ ನೋಡಿ. ಎಂಟನೆಯ ದಿನದ ದವಡೆ ಬಿಗಿತ ಎಂದರೆ ಧನುರ್ವಾಯು. ಗರ್ಭಿಣಿಗೆ ಟಿ.ಟಿ. ಚುಚ್ಚುಮದ್ದು, ಹೊಕ್ಕುಳಬಳ್ಳಿಗೆ ಶುದ್ಧವಾದ ಬ್ಲೇಡು, ಇಷ್ಟೇ ಸಾಕು. ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು. ವಾಂತಿ ಭೇದಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಸಕ್ಕರೆ, ಉಪ್ಪು ಮತ್ತು ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಕಾಲರಾ ಸಾವು ಶೇಕಡಾ 4ಕ್ಕಿಂತ ಕೆಳಗೆ ಇಳಿಯಿತು. ದಡಾರದ ಲಸಿಕೆ 1985ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿದೆ, ಉಚಿತ. ಮೂರು ಮಕ್ಕಳಿಗೂ ಬೇಕಿದ್ದದ್ದು ಕೆಲವೇ ರೂಪಾಯಿಯ ವಸ್ತುಗಳು ಮತ್ತು ವಿಷಯ ತಿಳಿದ ಒಬ್ಬರು.

ಸಂಖ್ಯೆ ಹೇಳದಿರುವುದು

ನಿರೀಕ್ಷಿತ ಜೀವಿತಾವಧಿ ಎಲ್ಲವನ್ನೂ ಹೇಳುವುದಿಲ್ಲ. ಎಷ್ಟು ವರ್ಷ ಎಂದು ಹೇಳುತ್ತದೆ, ಹೇಗೆ ಎಂದು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಭಾರತೀಯರ ಆರೋಗ್ಯವಂತ ಜೀವಿತಾವಧಿ ಸುಮಾರು 60 ವರ್ಷ. ಅಂದರೆ ಬದುಕಿನ ಸುಮಾರು ಹತ್ತು ವರ್ಷದಷ್ಟು ಪಾಲು ಕಾಯಿಲೆಯಲ್ಲೇ ಹೋಗುತ್ತದೆ. ಕೇರಳದವರು ಹೆಚ್ಚು ಬದುಕುತ್ತಾರೆ, ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಲ್ಲಿ ಮನೆಮನೆಯಲ್ಲೂ ಇದೆ. ನಮ್ಮ ಕರಾವಳಿಯಲ್ಲೂ ಹಾಗೆಯೇ. ಮುಂದಿನ ವರ್ಷಗಳು ಬರಬೇಕಾದದ್ದು ಬೀಡಿ, ಗುಟ್ಕಾ ಬಿಡುವುದರಿಂದ, ನಡೆಯುವುದರಿಂದ, ಹೆಲ್ಮೆಟ್ ಹಾಕುವುದರಿಂದ.

ನಮ್ಮ ಕೈಯಲ್ಲಿರುವುದು ಇನ್ನೂ ಇದೆ. ಹುಟ್ಟು ಸಾವು ಯಾವುದೇ ಇರಲಿ, 21 ದಿನಗಳೊಳಗೆ ನೋಂದಾಯಿಸಬೇಕು. ಮಗು ಒಂದೇ ದಿನ ಬದುಕಿದ್ದರೂ ಎರಡನ್ನೂ ನೋಂದಾಯಿಸಬೇಕು. ನೋಂದಣಿಯಾಗದ ಸಾವಿನಿಂದ ಯಾರೂ ಪಾಠ ಕಲಿಯುವುದಿಲ್ಲ. ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ಲಸಿಕೆಯ ತಾರೀಖನ್ನು ನಾವೇ ಓದಿ ಹೇಳಬಹುದು. ಇನ್ನೊಂದು ಮಾತು ನನ್ನ ಜೊತೆಯ ಹುಡುಗಿಯರಿಗೆ ಮತ್ತು ಅವರ ಹೆತ್ತವರಿಗೆ. 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎಳೆಯ ತಾಯಿಯ ಮಗುವಿಗೆ ಅಪಾಯ ಹೆಚ್ಚು. ಪಿಯುಸಿ ಮುಗಿಸಿ ಇನ್ನೂ ಓದುತ್ತೇನೆ ಎನ್ನುವ ಹುಡುಗಿ ಮುಂದೆ ಒಂದು ಮಗುವಿನ ಜೀವ ಉಳಿಸುತ್ತಿರಬಹುದು.

ಲೇಖನ ಬರೆದು ಮುಗಿಸಿ ಅಜ್ಜಿಗೆ ಓದಿ ಹೇಳಿದೆ. ಲೆಕ್ಕದ ಭಾಗ ಬಂದಾಗ ತೂಕಡಿಸಿದರು. ಮಕ್ಕಳ ಭಾಗ ಬಂದಾಗ ಎದ್ದು ಕೂತರು. ನಾನು ಆ ಮೂವರ ಹೆಸರು ಕೇಳಿದೆ. ಹೆಣ್ಣು ಮಗುವಿನ ಮತ್ತು ದೊಡ್ಡ ಮಗನ ಹೆಸರು ಹೇಳಿದರು. ಎಂಟು ದಿನದ ಮಗುವಿಗೆ ಹೆಸರಿಟ್ಟದ್ದು ಏಳನೆಯ ದಿನ. ಮರುದಿನವೇ ಮಗು ಹೋದ್ದರಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಬಾಯಿ ತುಂಬ ಕರೆದೇ ಇರಲಿಲ್ಲವಂತೆ. ಅಜ್ಜಿಗೆ ಅದೂ ನೆನಪಿತ್ತು. ಮೂರೂ ಹೆಸರುಗಳನ್ನು ನನ್ನ ಸಂಖ್ಯಾಶಾಸ್ತ್ರದ ನೋಟ್ಸಿನಲ್ಲಿ, ಜೀವಿತ ಕೋಷ್ಟಕದ ಕೆಳಗೆ ಬರೆದಿಟ್ಟಿದ್ದೇನೆ.